ಬ್ಯಾಟರಿ ಬದಲಿಸಿ, ಬಾಡಿ ಕೆಡಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಕಾರಿನ ಬ್ಯಾಟರಿಯನ್ನು ನಾವೇ ಬದಲಿಸಿಕೊಳ್ಳುವ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಬರಹ ಓದಿದೆ. ಹತ್ತು ನಂಬರ್ ಸ್ಪ್ಯಾನರ್ ತಗೊಳ್ಳಿ, ನೆಗೆಟಿವ್ ಬಿಚ್ಚಿ, ಪಾಸಿಟಿವ್ ಬಿಚ್ಚಿ, ಹಳೆಯದನ್ನು ಎತ್ತಿ ಹೊಸದನ್ನು ಕೂರಿಸಿ, ಮುಗೀತು. ಸಾಮಾನ್ಯ ಕಾರಿಗೆ ಇಷ್ಟು ಸಾಕು, ತಕರಾರಿಲ್ಲ. ಆದರೆ ಕೊನೆಯಲ್ಲಿ ಸ್ಪೋರ್ಟ್ಸ್ ಕಾರಿಗೂ ಇದೇ ವಿಧಾನ, ಐದು ನಿಮಿಷದ ಕೆಲಸ ಅಂತ ಒಂದು ಸಾಲು ಸೇರಿಸಿದ್ದೀರಲ್ಲ, ಈ ಪತ್ರ ಅದಕ್ಕಾಗಿ.

ನಾನು ಮೆಕ್ಯಾನಿಕ್ ಅಲ್ಲ. ಕಾರುಗಳ ಡೆಂಟಿಂಗ್, ಪೇಂಟಿಂಗ್ ಮಾಡುವವನು. ಅಂದರೆ ಐದು ನಿಮಿಷದ ಕೆಲಸ ಮುಗಿದ ಮೇಲೆ ಕಾರು ಬರುವುದು ನನ್ನ ಹತ್ತಿರ. ಎಡಗಡೆ ಫೆಂಡರ್ ಮೇಲೆ, ಅಂದರೆ ಮುಂದಿನ ಚಕ್ರದ ಮೇಲಿನ ಬಾಡಿ ಭಾಗದಲ್ಲಿ, ಅರ್ಧ ಚಂದ್ರದ ಆಕಾರದ ಗೀರು ಕಂಡರೆ ಅದು ಬೆಲ್ಟಿನ ಬಕಲ್ ಅಂತ ಕೇಳದೆಯೇ ಗೊತ್ತಾಗುತ್ತದೆ. ಬಾನೆಟ್ ಅಂಚಿನಲ್ಲಿ ಪೇಂಟ್ ಚಕ್ಕೆ ಹಾರಿ, ನಡುವೆ ಕರ್ರಗೆ ಸುಟ್ಟ ಚುಕ್ಕೆ ಇದ್ದರೆ ಅದು ಸ್ಪ್ಯಾನರ್ ಶಾರ್ಟ್ ಆಗಿದ್ದು. ಇಂಥ ಕೆಲಸದಿಂದ ನನಗೆ ದುಡ್ಡು ಬರುತ್ತದೆ, ನಿಜ. ಆದರೂ ಬಾನೆಟ್ ತಿಕ್ಕಿ ತಿಕ್ಕಿ ಕೊನೆಗೆ ಮಾಲೀಕರ ಮುಖ ನೋಡಬೇಕಾದಾಗ ಖುಷಿಯೇನೂ ಆಗುವುದಿಲ್ಲ. ಸ್ಪೋರ್ಟ್ಸ್ ಕಾರಿನ ಬ್ಯಾಟರಿ ಬದಲಿಸುವುದು ಮೊದಲು ಬಾಡಿ ಕೆಲಸ, ಆಮೇಲೆ ಕರೆಂಟಿನ ಕೆಲಸ. ನಿಮ್ಮ ಬರಹದಲ್ಲಿ ಮೊದಲನೇ ಭಾಗವೇ ಇರಲಿಲ್ಲ.

ಮೊದಲಿಗೆ, ಬ್ಯಾಟರಿ ಎಲ್ಲಿದೆ? ಸಾಮಾನ್ಯ ಕಾರಲ್ಲಿ ಬಾನೆಟ್ ಎತ್ತಿದರೆ ಮೂಲೆಯಲ್ಲಿ ಕಾಣುತ್ತದೆ. ಸ್ಪೋರ್ಟ್ಸ್ ಕಾರು ಮಾಡುವವರು ಮುಂದೆ ಹಿಂದೆ ತೂಕ ಸರಿದೂಗಿಸಬೇಕು ಅಂತಲೋ, ಎಂಜಿನ್ ಪಕ್ಕ ಜಾಗ ಇಲ್ಲ ಅಂತಲೋ ಅದನ್ನು ಎಲ್ಲೆಲ್ಲೋ ತುರುಕುತ್ತಾರೆ. ಪೋರ್ಷೆ 911ರಲ್ಲಿ ಎಂಜಿನ್ ಹಿಂದೆ ಇರುತ್ತದೆ, ಬ್ಯಾಟರಿ ಸಾಮಾನ್ಯವಾಗಿ ಮುಂದಿನ ಲಗೇಜ್ ಜಾಗದಲ್ಲಿ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ. 1989ರಲ್ಲಿ ಬಂದ ಮೊದಲ ಮಾಜ್ದಾ ಎಂಎಕ್ಸ್-5ರಲ್ಲಿ ಡಿಕ್ಕಿಯ ಬಲ ಮೂಲೆ. ನಿಸ್ಸಾನ್ 350ಝಡ್‌ನಲ್ಲಿ ಮುಂದಿನ ಗಾಜಿನ ಬುಡದಲ್ಲಿ, ಅದಕ್ಕೂ ಒಂದು ಮುಚ್ಚಳ. ಶೆವರ್ಲೆ ಕಾರ್ವೆಟ್ ಅಂತೂ ತಲೆಮಾರಿಗೊಂದು ಜಾಗ: ಒಂದರಲ್ಲಿ ಎಂಜಿನ್ ಪಕ್ಕ, ಇನ್ನೊಂದರಲ್ಲಿ ಹಿಂದಿನ ಲಗೇಜ್ ನೆಲದ ಕೆಳಗೆ, ಎಂಜಿನ್ ನಡುವೆ ಇರುವ ಈಗಿನದರಲ್ಲಿ ಮುಂದಿನ ಡಿಕ್ಕಿಯಲ್ಲಿ. ಹಳೆಯ ಎಂಜಿಬಿ ಕಾರಲ್ಲಿ 1970ರ ದಶಕದ ನಡುವಿನವರೆಗೂ ಆರು ವೋಲ್ಟಿನ ಎರಡು ಬ್ಯಾಟರಿ ಸೀಟಿನ ಹಿಂದೆ ನೆಲದಡಿ ಕೂತಿರುತ್ತಿದ್ದವು. ಅದಕ್ಕೇ ಕಾರಿನ ಜೊತೆ ಬಂದ ಪುಸ್ತಕ ತೆರೆಯದೆ ಕೈ ಹಾಕಬಾರದು. ಮುಚ್ಚಳ ಹುಡುಕುತ್ತಾ ಸ್ಕ್ರೂಡ್ರೈವರ್ ತುದಿಯಿಂದ ಪ್ಲಾಸ್ಟಿಕ್ ಮೀಟಿದ ಗುರುತುಗಳು ನನ್ನ ಹತ್ತಿರ ಬರುವ ಅರ್ಧಕ್ಕರ್ಧ ಕಾರುಗಳಲ್ಲಿ ಇರುತ್ತವೆ. ಕೆಲವು ಮುಚ್ಚಳಗಳಿಗೆ ಕಾಲು ಸುತ್ತು ತಿರುಗಿಸಿದರೆ ಬಿಚ್ಚಿಕೊಳ್ಳುವ ಗುಂಡಿ ಇರುತ್ತದೆ, ಸುಮ್ನೆ ಮೀಟಿ ಮುರಿಯುತ್ತಾರೆ. ಕ್ಲಿಪ್ ಮೀಟಲೇಬೇಕು ಅಂದರೆ ಪ್ಲಾಸ್ಟಿಕ್ಕಿನ ಚಪ್ಪಟೆ ಪಟ್ಟಿ ಸಿಗುತ್ತದೆ, ಅದನ್ನು ಬಳಸಿ.

ಇನ್ನೊಂದು ತಮಾಷೆ ಇದೆ. ಬ್ಯಾಟರಿ ಪೂರ್ತಿ ಡೌನ್ ಆದರೆ ಬ್ಯಾಟರಿ ಇರುವ ಜಾಗದ ಬಾಗಿಲೇ ತೆರೆಯುವುದಿಲ್ಲ! ಪೋರ್ಷೆ 911ರ ಎಷ್ಟೋ ಮಾಡೆಲ್‌ಗಳಲ್ಲಿ ಮುಂದಿನ ಮುಚ್ಚಳದ ಲಾಕ್ ಕರೆಂಟಿನದು. ಕರೆಂಟ್ ಇಲ್ಲ, ಮುಚ್ಚಳ ಇಲ್ಲ, ಮುಚ್ಚಳ ಇಲ್ಲದೆ ಬ್ಯಾಟರಿ ಇಲ್ಲ. ಇಲ್ಲಿ ಜನ ಮಾಡುವ ಮೊದಲ ಕೆಲಸ ಏನು ಗೊತ್ತಾ? ಬಾನೆಟ್ ಸಂದಿಗೆ ಏನಾದರೂ ಚಪ್ಪಟೆ ಕಬ್ಬಿಣ ತೂರಿಸಿ ಎತ್ತಲು ನೋಡುವುದು. ಆ ಅಂಚು ಒಮ್ಮೆ ಬಾಗಿದರೆ ಸಂದಿಯ ಗೆರೆ ಮತ್ತೆ ಸಮ ಬರಿಸುವುದು ನನಗೇ ಕಷ್ಟ. ಅದರ ಬದಲು ಒಳ್ಳೆಯ ದಾರಿ ಕಂಪನಿಯವರೇ ಇಟ್ಟಿದ್ದಾರೆ. 997 ಅನ್ನುವ ತಲೆಮಾರಿನ 911ರಲ್ಲಿ ಮುಂದೆ ಕಾಲಿಡುವ ಜಾಗದ ಫ್ಯೂಸ್ ಬಾಕ್ಸ್ ತೆರೆದರೆ ಹೊರಕ್ಕೆ ಎಳೆಯಬಹುದಾದ ಒಂದು ಪಾಸಿಟಿವ್ ಟರ್ಮಿನಲ್ ಸಿಗುತ್ತದೆ. ಹೊರಗಿನ ಬ್ಯಾಟರಿಯ ಪಾಸಿಟಿವ್ ಅದಕ್ಕೆ, ನೆಗೆಟಿವ್ ಬಾಗಿಲಿನ ಲಾಕ್ ಕೊಂಡಿಯ ಲೋಹಕ್ಕೆ ಹಾಕಿದರೆ ಲಾಕ್ ತೆರೆಯುವಷ್ಟು ಕರೆಂಟ್ ಸಿಗುತ್ತದೆ. ಇದು ಮುಚ್ಚಳ ತೆರೆಯಲು ಮಾತ್ರ. ಇದೇ ತಂತಿಯಿಂದ ಸೆಲ್ಫ್ ಹೊಡೆಯಲು ಹೋಗಬೇಡಿ. ಆರನೇ ತಲೆಮಾರಿನ ಕಾರ್ವೆಟ್‌ನ ಬಾಗಿಲ ಹಿಡಿಕೆಯೇ ಕರೆಂಟಿನದು. ಅದಕ್ಕೆ ಹಿಂದಿನ ನಂಬರ್ ಪ್ಲೇಟ್ ಹತ್ತಿರ ಕೀಲಿ ಹಾಕುವ ತೂತು ಇಟ್ಟಿದ್ದಾರೆ, ಹಿಂದಿನ ಗಾಜಿನ ಬಾಗಿಲು ತೆರೆದು ಒಳಗಿನ ಕೇಬಲ್ ಎಳೆದರೆ ಚಾಲಕನ ಬಾಗಿಲು ಬಿಚ್ಚಿಕೊಳ್ಳುತ್ತದೆ. ಇದೆಲ್ಲ ಪುಸ್ತಕದಲ್ಲಿದೆ. ಓದುವವರು ಕಮ್ಮಿ, ಅಷ್ಟೇ.

ಬಾಗಿಲಿನ ವಿಷಯ ಬಂತಲ್ಲ, ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ತಂದುಕೊಡುವುದು ಇದೇ. ಎರಡು ಬಾಗಿಲಿನ ಎಷ್ಟೋ ಸ್ಪೋರ್ಟ್ಸ್ ಕಾರುಗಳಲ್ಲಿ ಬಾಗಿಲ ಗಾಜಿನ ಸುತ್ತ ಚೌಕಟ್ಟು ಇರುವುದಿಲ್ಲ. ಹಿಡಿಕೆ ಎಳೆದಾಗ ಗಾಜು ತಾನಾಗಿ ಸ್ವಲ್ಪ ಕೆಳಗಿಳಿದು, ಬಾಗಿಲು ಮುಚ್ಚಿದ ಮೇಲೆ ಮತ್ತೆ ಮೇಲೇರಿ ರಬ್ಬರ್ ಒಳಗೆ ಸೇರಿಕೊಳ್ಳುತ್ತದೆ. ನೋಡಿಯೇ ಇರುತ್ತೀರಿ. ಆ ಇಳಿಯುವುದು ಏರುವುದು ಎಲ್ಲ ಕರೆಂಟಿಂದಲೇ. ಬ್ಯಾಟರಿ ಬಿಚ್ಚಿದ ಮೇಲೆ ಗಾಜು ಪೂರ್ತಿ ಮೇಲೆಯೇ ನಿಂತಿರುತ್ತದೆ, ಆಗ ಬಾಗಿಲನ್ನು ಎಂದಿನಂತೆ ದಬ್ಬಿದರೆ ಗಾಜಿನ ಅಂಚು ನೇರ ರೂಫಿನ ಪಟ್ಟಿಗೆ ಹೊಡೆಯುತ್ತದೆ, ರಬ್ಬರ್ ಹರಿಯುತ್ತದೆ, ಕೆಲವೊಮ್ಮೆ ಪಟ್ಟಿ ಬಾಗಿ ಅದರ ಪಕ್ಕದ ಪೇಂಟ್ ಕಿತ್ತು ಬರುತ್ತದೆ, ಅದೃಷ್ಟ ಕೆಟ್ಟರೆ ಗಾಜೇ ಪುಡಿ. ಆಮೇಲೆ ಮಳೆ ಬಂದಾಗ ಒಳಗೆ ನೀರು ಯಾಕೆ ಬರುತ್ತಿದೆ ಅಂತ ಕೇಳುತ್ತಾರೆ.

ಇದಕ್ಕೆ ಉಪಾಯ ಸುಲಭ. ಬ್ಯಾಟರಿಯಲ್ಲಿ ಇನ್ನೂ ಜೀವ ಇರುವಾಗಲೇ ಎರಡೂ ಕಡೆ ಗಾಜನ್ನು ಒಂದು ಗೇಣು ಇಳಿಸಿಬಿಡಿ. ಪೂರ್ತಿ ಸತ್ತಿದ್ದರೆ ಬಾಗಿಲು ತೆರೆಯುವಾಗ ಗಾಜನ್ನು ಅಂಗೈಯಿಂದ ಮೆಲ್ಲಗೆ ಒಳಕ್ಕೆ ಒತ್ತಿಕೊಂಡು ತೆರೆಯಿರಿ, ಆಮೇಲೆ ಕೆಲಸ ಮುಗಿಯುವವರೆಗೂ ಮುಚ್ಚಲೇಬೇಡಿ. ಗಾಳಿಗೆ ಬಡಿದುಕೊಳ್ಳದ ಹಾಗೆ ಲಾಕ್ ಕೊಂಡಿಯ ಮೇಲೆ ದಪ್ಪ ಬಟ್ಟೆ ಸುತ್ತಿಡಿ. ಡಿಕ್ಕಿಗೂ ಹೀಗೇ ಮಾಡಿ. ಡಿಕ್ಕಿ ಲಾಕ್ ಕರೆಂಟಿನದಾಗಿದ್ದು, ಬ್ಯಾಟರಿ ಒಳಗಿದ್ದು, ನೀವು ವೈರ್ ಬಿಚ್ಚಿಟ್ಟು ಅಭ್ಯಾಸಬಲದಿಂದ ಡಿಕ್ಕಿ ಮುಚ್ಚಿದರೆ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರಬೇಕು. ಕಾರಿನ ಕೀ ಕೂಡ ಒಳಗೇ ಉಳಿದಿದ್ದರೆ ಕೇಳುವುದೇ ಬೇಡ.

ಈಗ ಪೇಂಟ್. ಕಂಪನಿಯಿಂದ ಬರುವ ಪೇಂಟ್ ಎಷ್ಟು ದಪ್ಪ ಅಂದುಕೊಂಡಿದ್ದೀರಿ? ಪ್ರೈಮರ್, ಬಣ್ಣ, ಮೇಲಿನ ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ನೀವು ಈಗ ಓದುತ್ತಿರುವಂಥ ಕಾಗದ ಒಂದೆರಡು ಹಾಳೆ ಜೋಡಿಸಿದರೆ ಅಷ್ಟು ದಪ್ಪ ಆಗುತ್ತದೆ. ಅದರಲ್ಲೂ ಹೊಳಪು ಕೊಡುವ ಕ್ಲಿಯರ್ ಕೋಟ್ 40-50 ಮೈಕ್ರಾನ್ ಇದ್ದರೆ ಹೆಚ್ಚು. ಉಗುರಿಗೆ ಸಿಕ್ಕದ ಗೀರಾದರೆ ಪಾಲಿಶ್ ಹಾಕಿ ತೆಗೆಯಬಹುದು. ಉಗುರು ಸಿಕ್ಕಿಕೊಂಡಿತೋ, ಆ ಪ್ಯಾನೆಲ್‌ಗೆ ಪೂರ್ತಿ ಪೇಂಟ್ ಹೊಡೆಯಬೇಕು, ಬಣ್ಣ ಹೊಂದದಿದ್ದರೆ ಪಕ್ಕದ ಪ್ಯಾನೆಲ್‌ಗೂ ಸ್ವಲ್ಪ ಎಳೆದುಕೊಂಡು ಹೋಗಬೇಕು.

ಹಾಗಾಗಿ ಮೊದಲು ಕೈಗಡಿಯಾರ, ಉಂಗುರ, ಬೆಲ್ಟ್ ತೆಗೆದಿಡಿ. ಬೆಲ್ಟ್ ತೆಗೆಯಲು ಆಗದಿದ್ದರೆ ಬಕಲ್ ಪಕ್ಕಕ್ಕೆ ತಿರುಗಿಸಿ ಅಂಗಿ ಹೊರಗೆ ಬಿಡಿ. ಜೇಬಿನ ಝಿಪ್, ಲೋಹದ ಗುಂಡಿ ಇರುವ ಪ್ಯಾಂಟೂ ಬೇಡ. ಉಂಗುರದ ವಿಷಯ ಬರೀ ಗೀರಿನದಲ್ಲ. ಪಾಸಿಟಿವ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಅದು ಕ್ಷಣದಲ್ಲಿ ಕೆಂಡವಾಗಿ ಬೆರಳನ್ನೇ ಸುಡುತ್ತದೆ.

ಆಮೇಲೆ ಫೆಂಡರ್ ಮೇಲೆ ಹೊದಿಕೆ. ಇಲ್ಲಿ ಎರಡು ಮಾತಿದೆ. ಒಂದು, ಧೂಳು ಕೂತ ಫೆಂಡರ್ ಮೇಲೆ ಹೊದಿಕೆ ಹಾಕಿ ಅದರ ಮೇಲೆ ಮೈ ಒರಗಿಸಿದರೆ ಅದು ಹೊದಿಕೆಯಲ್ಲ, ಮರಳು ಕಾಗದ. ಮೊದಲು ನೀರು ಹಾಕಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಆಮೇಲೆ ಹಾಸಿ. ಇನ್ನೊಂದು, ಗ್ಯಾರೇಜುಗಳಲ್ಲಿ ಬಳಸುವ ಮ್ಯಾಗ್ನೆಟ್ ಇರುವ ಹೊದಿಕೆ ಸ್ಪೋರ್ಟ್ಸ್ ಕಾರಿಗೆ ಅನೇಕ ಸಲ ಅಂಟುವುದೇ ಇಲ್ಲ. ಕಾರ್ವೆಟ್ ಬಾಡಿ 1953ರಿಂದಲೂ ಫೈಬರ್. ಲೋಟಸ್ ಎಲೀಸ್ ಫೈಬರ್. 1990ರ ಹೋಂಡಾ ಎನ್‌ಎಸ್‌ಎಕ್ಸ್ ಪೂರ್ತಿ ಅಲ್ಯುಮಿನಿಯಂ, ಆಡಿ ಆರ್8 ಕೂಡ ಅಲ್ಯುಮಿನಿಯಂ. ಮೊದಲ ಎಂಎಕ್ಸ್-5ರಲ್ಲಿ ಬಾಡಿ ಸ್ಟೀಲ್, ಬಾನೆಟ್ ಮಾತ್ರ ಅಲ್ಯುಮಿನಿಯಂ. ಮ್ಯಾಗ್ನೆಟ್ ಅಂಟದ ಹೊದಿಕೆ ಕೆಲಸದ ನಡುವೆ ಜಾರುತ್ತದೆ, ಅದರ ಜೊತೆ ಆ ಮ್ಯಾಗ್ನೆಟ್ ತುಂಡೂ ಪೇಂಟಿನ ಮೇಲೆ ಎಳೆದುಕೊಂಡು ಹೋಗುತ್ತದೆ. ಕೆಳಗೆ ರಬ್ಬರ್ ಇರುವ ದಪ್ಪ ಹಾಸು ಒಳ್ಳೆಯದು. ಬ್ಯಾಟರಿ ದಾಟಿ ಬರಬೇಕಾದ ಅಂಚುಗಳಿಗೆ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಎರಡು ಪದರ ಅಂಟಿಸಿ, ಕೆಲಸ ಆದ ತಕ್ಷಣ ಕಿತ್ತುಬಿಡಿ. ಬಿಸಿಲಲ್ಲಿ ದಿನಗಟ್ಟಲೆ ಬಿಟ್ಟರೆ ಅಂಟು ಉಳಿದು ಅದೇ ಇನ್ನೊಂದು ತಲೆನೋವು.

ಅಲ್ಯುಮಿನಿಯಂ ಅಂದಾಗ ಇನ್ನೊಂದು ಮಾತು. ಮೊಣಕೈ ಊರಿ ಬಗ್ಗಿದಾಗ ಸ್ಟೀಲ್ ಫೆಂಡರ್ ಸ್ವಲ್ಪ ಒಳಗೆ ಹೋಗಿ ಕೈ ತೆಗೆದ ಮೇಲೆ ವಾಪಸ್ ಬರಬಹುದು. ತೆಳು ಅಲ್ಯುಮಿನಿಯಂ ಅಷ್ಟು ಸುಲಭವಾಗಿ ಬರುವುದಿಲ್ಲ. ತಟ್ಟಿ ಸರಿ ಮಾಡೋಣ ಅಂದರೆ ತಟ್ಟಿದಷ್ಟೂ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಸ್ಟೀಲ್‌ಗೆ ಬಳಸಿದ ಬ್ರಷ್, ಸುತ್ತಿಗೆ ಅದಕ್ಕೆ ಮುಟ್ಟಿಸುವ ಹಾಗಿಲ್ಲ, ಕಬ್ಬಿಣದ ಪುಡಿ ಸೇರಿಕೊಂಡರೆ ಪೇಂಟಿನ ಕೆಳಗೆ ತುಕ್ಕು ಹಿಡಿಯುವ ಕೆಲಸ ಅಲ್ಲಿಂದಲೇ ಶುರು. ಫೈಬರ್‌ನ ಕಥೆ ಬೇರೆ. ಅದರಲ್ಲಿ ಡೆಂಟ್ ಬೀಳುವುದಿಲ್ಲ. ಒತ್ತಿದ ಜಾಗದಿಂದ ಸುತ್ತಲೂ ಸಣ್ಣ ಸಣ್ಣ ಸೀಳುಗಳು ಹೊರಡುತ್ತವೆ, ಅವು ಆವತ್ತೇ ಕಾಣದೆ ಕೆಲವು ವಾರದ ನಂತರ ಪೇಂಟಿನ ಮೇಲೆ ಮೂಡಬಹುದು. ಆಗ ಇದು ಬ್ಯಾಟರಿ ಹಾಕಿದಾಗ ಆದದ್ದು ಅಂತ ಯಾರೂ ನಂಬುವುದಿಲ್ಲ.

ನೆಗೆಟಿವ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು ಅಂತ ನಿಮ್ಮ ಬರಹದಲ್ಲಿ ಸರಿಯಾಗಿಯೇ ಇತ್ತು. ಯಾಕೆ ಅಂತ ಇರಲಿಲ್ಲ. ಈಗಿನ ಕಾರುಗಳಲ್ಲಿ ಇಡೀ ಲೋಹದ ಬಾಡಿ ನೆಗೆಟಿವ್‌ಗೆ ಸೇರಿಕೊಂಡಿದೆ. ನೆಗೆಟಿವ್ ಹಾಕಿದ್ದ ಹಾಗೇ ಪಾಸಿಟಿವ್ ನಟ್ ಬಿಚ್ಚುವಾಗ ಸ್ಪ್ಯಾನರ್‌ನ ಇನ್ನೊಂದು ತುದಿ ಫೆಂಡರ್ ಒಳ ಅಂಚಿಗೆ ತಾಗಿದರೆ ನೂರಾರು ಆಂಪಿಯರ್ ಒಂದೇ ಏಟಿಗೆ ಹರಿಯುತ್ತದೆ. ಪಟ್ ಅಂತ ಕಿಡಿ, ಪೇಂಟ್ ಸುಟ್ಟು ಲೋಹದಲ್ಲಿ ಗುಳಿ. ಸ್ಪ್ಯಾನರ್ ಅಲ್ಲೇ ವೆಲ್ಡ್ ಆಗಿ ಅಂಟಿಕೊಂಡದ್ದೂ ಉಂಟು. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ಸ್ಪ್ಯಾನರ್ ತಾಗಿದರೂ ಏನೂ ಆಗುವುದಿಲ್ಲ. ಕಾರ್ಬನ್ ಫೈಬರ್ ಭಾಗ ಇರುವ ಕಾರಿನವರು, ಅದು ಪ್ಲಾಸ್ಟಿಕ್ ತಾನೇ ಅಂದುಕೊಳ್ಳಬೇಡಿ, ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ.

ಈ ನಿಯಮವನ್ನು ತಲೆಕೆಳಗು ಮಾಡುವ ಸಲಕರಣೆಯೊಂದಿದೆ, ಅದರ ಬಗ್ಗೆ ಯಾರೂ ಹೇಳುವುದಿಲ್ಲ. ರೇಡಿಯೋ ಕೋಡ್, ಗಡಿಯಾರ, ಗಾಜಿನ ಸೆಟ್ಟಿಂಗ್ ಅಳಿಸಿಹೋಗದಿರಲಿ ಅಂತ ಸ್ಟಿಯರಿಂಗ್ ಕೆಳಗೆ ಮೆಕ್ಯಾನಿಕ್‌ಗಳು ದೋಷ ಓದುವ ಸ್ಕ್ಯಾನರ್ ಸಿಕ್ಕಿಸುವ ಸಾಕೆಟ್‌ಗೆ ಚಿಕ್ಕ ಬ್ಯಾಟರಿ ಜೋಡಿಸುತ್ತಾರಲ್ಲ, ಮೆಮೊರಿ ಸೇವರ್. ಅದು ಹಾಕಿದ್ದರೆ ದೊಡ್ಡ ಬ್ಯಾಟರಿ ಬಿಚ್ಚಿಟ್ಟ ಮೇಲೂ ನೇತಾಡುವ ಪಾಸಿಟಿವ್ ವೈರಿನಲ್ಲಿ ಕರೆಂಟ್ ಇರುತ್ತದೆ! ಆ ವೈರಿನ ತುದಿ ಬಾಡಿಗೆ ತಾಗಿದರೆ ಮತ್ತೆ ಶಾರ್ಟ್, ಫ್ಯೂಸ್ ಹಾರಿ ಉಳಿಸಬೇಕಾದ ಮೆಮೊರಿಯೂ ಹೋಯಿತು. ಮೆಮೊರಿ ಸೇವರ್ ಬಳಸುವುದಾದರೆ ಪಾಸಿಟಿವ್ ತುದಿ ಬಿಚ್ಚಿದ ಕೂಡಲೇ ದಪ್ಪ ರಬ್ಬರ್ ಕವರ್ ಅಥವಾ ಒಣಗಿದ ಬಟ್ಟೆ ಸುತ್ತಿ ಪಕ್ಕಕ್ಕೆ ಕಟ್ಟಿಡಿ. ನನ್ನನ್ನು ಕೇಳಿದರೆ ಹಳೆಯ ಕಾರಿಗೆ ಅದು ಬೇಡವೇ ಬೇಡ, ಗಡಿಯಾರ ತಿದ್ದಿಕೊಳ್ಳುವುದು ಪೇಂಟ್ ಹೊಡೆಸುವುದಕ್ಕಿಂತ ಸುಲಭ ಅಲ್ವಾ.

ಟರ್ಮಿನಲ್ ಬಿಗಿಯಾಗಿ ಕೂತಿದ್ದರೆ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಮೀಟುವಾಗ ಊರುಗೋಲಾಗಿ ಸಿಗುವುದು ಬ್ಯಾಟರಿಯ ಮುಚ್ಚಳ ಇಲ್ಲವೇ ಫೆಂಡರ್ ಅಂಚು, ಎರಡೂ ಕೆಡುತ್ತವೆ. ನಟ್ ಪೂರ್ತಿ ಸಡಿಲ ಮಾಡಿ ಆ ಕಡೆ ಈ ಕಡೆ ಮೆಲ್ಲಗೆ ತಿರುಗಿಸಿ ಎತ್ತಿ. ಅದಕ್ಕೂ ಬರದಿದ್ದರೆ ನೇರ ಮೇಲಕ್ಕೆ ಎಳೆದು ತೆಗೆಯುವ ಟರ್ಮಿನಲ್ ಪುಲ್ಲರ್ ಸಿಗುತ್ತದೆ.

ಎತ್ತುವುದು. ಬ್ಯಾಟರಿ ತೂಕ 15ರಿಂದ 25 ಕೆಜಿ. ಇದೇ 20 ಕೆಜಿಯನ್ನು ನೆಲದಿಂದ ಎತ್ತುವುದು ಒಂದು, ಸೊಂಟ ಬಗ್ಗಿಸಿ ಕೈ ಮುಂದೆ ಚಾಚಿ ಗಾಜಿನ ಬುಡದ ಗುಂಡಿಯಿಂದ ಎತ್ತುವುದು ಇನ್ನೊಂದು. ಕೈ ಚಾಚಿದಾಗ ತೂಕ ತಡೆಯಲಾಗದೆ ಜನ ಅದನ್ನು ಫೆಂಡರ್ ಮೇಲೆ ಒಂದು ಕ್ಷಣ ಊರುತ್ತಾರೆ. ಆ ಒಂದು ಕ್ಷಣ ಸಾಕು. ಇಬ್ಬರು ಇರಿ. ಒಬ್ಬರು ಎತ್ತಲಿ, ಇನ್ನೊಬ್ಬರು ವೈರ್ ಪಕ್ಕಕ್ಕೆ ಹಿಡಿದು ಮೂಲೆಗಳು ಎಲ್ಲೂ ತಾಗದ ಹಾಗೆ ನೋಡಲಿ, ಎತ್ತಿದ್ದು ಎಲ್ಲಿ ಇಳಿಯಬೇಕೋ ಅಲ್ಲಿ ಮೊದಲೇ ಸ್ಟೂಲ್ ಇಟ್ಟಿರಲಿ. ಹಳೆಯ ಬ್ಯಾಟರಿಯ ಪ್ಲಾಸ್ಟಿಕ್ ಹಿಡಿಕೆಯನ್ನು ನಂಬಬೇಡಿ, ಎಂಜಿನ್ ಬಿಸಿಗೆ ಒಣಗಿ ಲಟಕ್ ಅಂತ ಮುರಿಯುತ್ತದೆ. ಕೆಳಗಿನಿಂದ ಬೆಲ್ಟ್ ಹಾಕಿ ಎತ್ತಿದರೆ ಭಯವಿಲ್ಲ. ಬಾನೆಟ್ ನಿಲ್ಲಿಸುವ ಗ್ಯಾಸ್ ಕಡ್ಡಿಗಳು ಹಳೆಯದಾಗಿದ್ದರೆ ಕೋಲು ಕೊಟ್ಟು ನಿಲ್ಲಿಸಿ, ತಲೆ ಒಳಗಿರುವಾಗ ಅದು ನಿಧಾನಕ್ಕೆ ಇಳಿದುಬರುತ್ತದೆ. ವೈಪರ್ ಎತ್ತಿ ನಿಲ್ಲಿಸಿ ಬಾನೆಟ್ ತೆರೆದರೆ ಎಷ್ಟೋ ಕಾರುಗಳಲ್ಲಿ ಎರಡೂ ಒಂದಕ್ಕೊಂದು ಉಜ್ಜುತ್ತವೆ, ಅದನ್ನೂ ನೋಡಿಕೊಳ್ಳಿ.

ಆಸಿಡ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬ್ಯಾಟರಿ ಒಳಗಿರುವುದು ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್, ಚಾರ್ಜ್ ಆದ ಬ್ಯಾಟರಿಯಲ್ಲಿ ತೂಕದ ಲೆಕ್ಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಪೇಂಟ್ ಮೇಲೆ ಒಂದು ಹನಿ ಬಿತ್ತು ಅನ್ನಿ. ಆಮೇಲೆ ಒರೆಸಿದರಾಯಿತು, ಒಣಗಿಹೋಗುತ್ತದೆ ಅಂತಾರೆ. ಒಣಗುವುದು ಅದರಲ್ಲಿನ ನೀರು ಮಾತ್ರ, ಆಸಿಡ್ ಅಲ್ಲೇ ಉಳಿಯುತ್ತದೆ. ನೀರು ಹೋದಷ್ಟೂ ಅದು ಇನ್ನೂ ಖಾರವಾಗುತ್ತದೆ. ಬಿಸಿಲು ಬಿದ್ದರಂತೂ ಬೇಗ. ಮೊದಲು ಕ್ಲಿಯರ್ ಕೋಟ್ ಮಸುಕಾಗುತ್ತದೆ, ಆಮೇಲೆ ಬೊಬ್ಬೆ ಏಳುತ್ತದೆ, ಬೊಬ್ಬೆ ಒಡೆದರೆ ಕೆಳಗೆ ತುಕ್ಕು. ನಾನು ನೋಡಿದ ಒಂದು ಕಪ್ಪು ಕಾರಿನಲ್ಲಿ ಬಾನೆಟ್ ಅಂಚಿನಿಂದ ದೀಪದ ಪಕ್ಕಕ್ಕೆ ಇಳಿದ ಒಂದೇ ಗೆರೆ, ಬೆರಳಗಲ, ಮೇಲೆ ಬೂದು ಬಣ್ಣ, ಕೆಳಗೆ ಬಂದ ಹಾಗೆ ಸಣ್ಣಗಾಗಿ ತುದಿಯಲ್ಲಿ ಹನಿ ನಿಂತ ಜಾಗದಲ್ಲಿ ಪೇಂಟ್ ಪೂರ್ತಿ ಎದ್ದು ಬಂದಿತ್ತು. ಯಾರೋ ಬ್ಯಾಟರಿಯನ್ನು ಸ್ವಲ್ಪ ವಾಲಿಸಿ ಎತ್ತಿದ್ದಾರೆ, ಅಷ್ಟೇ. ಗ್ಯಾರೇಜಿನವರು ಹಕ್ಕಿ ಹಿಕ್ಕೆ ಇರಬೇಕು ಅಂದರಂತೆ.

ಹನಿ ಬಿದ್ದರೆ ಒರೆಸಬೇಡಿ, ಒರೆಸಿದರೆ ಹರಡುತ್ತದೆ. ಬಟ್ಟೆಯನ್ನು ಮೇಲೆ ಇಟ್ಟು ಹೀರಿಸಿ ತೆಗೆಯಿರಿ, ಆಮೇಲೆ ಧಾರಾಳವಾಗಿ ನೀರು ಸುರಿಯಿರಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಾಕಿದರೆ ನೊರೆ ಬರುತ್ತದೆ. ನೊರೆ ಬರುವುದು ನಿಂತರೆ ಆಸಿಡ್ ಸತ್ತಿದೆ ಅಂತ ಲೆಕ್ಕ, ಮತ್ತೆ ನೀರು ಹಾಕಿ ತೊಳೆಯಿರಿ. ಸೋಡಾ ನೀರು ಬ್ಯಾಟರಿ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ, ಹೋದರೆ ಅದರ ಆಸಿಡ್ಡೇ ಹಾಳು. ಇದನ್ನು ಕಲಸಿಟ್ಟುಕೊಂಡೇ ಕೆಲಸ ಶುರು ಮಾಡಿ, ಹನಿ ಬಿದ್ದ ಮೇಲೆ ಸೋಡಾ ಹುಡುಕಲು ಒಳಗೆ ಓಡಬೇಡಿ. ಟರ್ಮಿನಲ್ ಮೇಲೆ ಕೂತ ಬಿಳಿ, ಹಸಿರು-ನೀಲಿ ಪುಡಿಯನ್ನೂ ಒಣ ಬ್ರಷ್ ಹಾಕಿ ಉಜ್ಜಿ ಹಾರಿಸಬೇಡಿ. ಆ ಪುಡಿ ಪೇಂಟ್ ಮೇಲೆ ಕೂತು ರಾತ್ರಿಯ ಇಬ್ಬನಿ ತಾಗಿದರೆ ಅಲ್ಲೂ ಅದೇ ಕಥೆ. ಒದ್ದೆ ಬಟ್ಟೆಯಲ್ಲಿ ಹಿಡಿದು ತೆಗೆಯಿರಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ.

ಇನ್ನು ಹೊಸ ಬ್ಯಾಟರಿ ತರುವಾಗ ಜನ ಆಂಪಿಯರ್ ನೋಡುತ್ತಾರೆ, ಎತ್ತರ ನೋಡುವುದಿಲ್ಲ. ಯುರೋಪಿನ ಕಾರುಗಳ ಅಳತೆಯಲ್ಲಿ ಉದ್ದ ಅಗಲ ಒಂದೇ ಇದ್ದು ಎತ್ತರ ಮಾತ್ರ 175 ಮಿಲಿಮೀಟರ್ ಒಂದು, 190 ಮಿಲಿಮೀಟರ್ ಇನ್ನೊಂದು ಇರುತ್ತವೆ. ತಟ್ಟೆಯಲ್ಲಿ ಎರಡೂ ಸರಿಯಾಗಿ ಕೂರುತ್ತವೆ. ವ್ಯತ್ಯಾಸ ಒಂದೂವರೆ ಸೆಂಟಿಮೀಟರ್. ಸಾಮಾನ್ಯ ಕಾರಲ್ಲಿ ಅಷ್ಟು ಜಾಗ ಇರುತ್ತದೆ. ಸ್ಪೋರ್ಟ್ಸ್ ಕಾರಿನ ಬಾನೆಟ್ ಮೊದಲೇ ತಗ್ಗು, ಒಂದೂವರೆ ಸೆಂಟಿಮೀಟರ್ ಅಲ್ಲಿ ಇಲ್ಲ. ನನ್ನ ಹತ್ತಿರ ಬಂದ ಒಂದು ಕಾರಿನ ಬಾನೆಟ್ ಮೇಲೆ, ಒಳಗಿನಿಂದ ಬೆರಳಲ್ಲಿ ಒತ್ತಿದ ಹಾಗೆ, ಒಂದು ಸಣ್ಣ ಉಬ್ಬು. ಹೊರಗೆ ಎಲ್ಲೂ ಪೆಟ್ಟಿಲ್ಲ. ಬಾನೆಟ್ ಎತ್ತಿ ನೋಡಿದರೆ ಒಳಗಿನ ಪದರದಲ್ಲಿ ಟರ್ಮಿನಲ್ ನಟ್‌ನ ಆರು ಮೂಲೆಯ ಗುರುತು ಅಚ್ಚೊತ್ತಿದ ಹಾಗೆ ಕೂತಿತ್ತು. ಅದು ನೆಗೆಟಿವ್ ಟರ್ಮಿನಲ್ ಆಗಿದ್ದಕ್ಕೆ ಬರೀ ಉಬ್ಬು. ಪಾಸಿಟಿವ್ ಆಗಿದ್ದರೆ ಬಾನೆಟ್ ಮುಚ್ಚಿದ ಕ್ಷಣವೇ ಒಳಗೆ ಬೆಂಕಿ.

ಅದಕ್ಕೇ ಹೊಸದನ್ನು ಕೂರಿಸಿದ ಮೇಲೆ, ಬಾನೆಟ್ ಮುಚ್ಚುವ ಮೊದಲು, ಹಳೆಯದರ ಮತ್ತು ಹೊಸದರ ಎತ್ತರ ಟೇಪ್ ಹಿಡಿದು ಅಳೆಯಿರಿ. ಅನುಮಾನ ಇದ್ದರೆ ಟರ್ಮಿನಲ್‌ಗೆ ರಬ್ಬರ್ ಮುಚ್ಚಳ ಹಾಕಿ, ಅದರ ಮೇಲೆ ಮೆತ್ತನೆಯ ಜೇಡಿ ಉಂಡೆ ಇಟ್ಟು ಬಾನೆಟ್ ಮೆಲ್ಲಗೆ ಇಳಿಸಿ, ಲಾಕ್ ಮಾಡದೆ ಎತ್ತಿ ನೋಡಿ. ಉಂಡೆ ಚಪ್ಪಟೆಯಾಗಿ ತೆಳ್ಳಗಾಗಿದ್ದರೆ ಆ ಬ್ಯಾಟರಿ ಅಂಗಡಿಗೆ ವಾಪಸ್. ಪಾಸಿಟಿವ್ ಯಾವ ಕಡೆ ಇದೆ ಅಂತಲೂ ನೋಡಿ. ಉಲ್ಟಾ ಇದ್ದರೆ ವೈರ್ ಎಟುಕದೆ ಎಳೆದು ಎಳೆದು ಯಾವುದೋ ಲೋಹದ ಅಂಚಿಗೆ ಉಜ್ಜುವ ಹಾಗೆ ಕೂರುತ್ತದೆ. ಟರ್ಮಿನಲ್ ದಪ್ಪ ಕೂಡ ಒಂದೇ ಅಲ್ಲ. ಸಾಮಾನ್ಯ ಅಳತೆಯಲ್ಲಿ ಪಾಸಿಟಿವ್ ಬುಡದಲ್ಲಿ 19.5 ಮಿಲಿಮೀಟರ್, ನೆಗೆಟಿವ್ 17.9, ಜಪಾನಿನ ಕೆಲವು ಬ್ಯಾಟರಿಗಳಲ್ಲಿ ಇದಕ್ಕಿಂತ ಸಣ್ಣ.

ಡಿಕ್ಕಿಯಲ್ಲಿ ಅಥವಾ ಸೀಟಿನ ಹಿಂದೆ ಬ್ಯಾಟರಿ ಇರುವ ಕಾರಿನವರು ಗಾಳಿ ಕೊಳವೆ ಮರೆಯಬೇಡಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಜೊತೆಗೆ ಸಣ್ಣಗೆ ಆಸಿಡ್ ಹಬೆ. ಅದನ್ನು ಹೊರಗೆ ಸಾಗಿಸಲು ಬ್ಯಾಟರಿ ಪಕ್ಕದ ತೂತಿಗೆ ಒಂದು ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿರುತ್ತಾರೆ, ಅದು ನೆಲದ ತೂತಿನಿಂದ ಹೊರಗೆ ಹೋಗುತ್ತದೆ. ಹಳೆಯದರಿಂದ ಕಿತ್ತು ಹೊಸದಕ್ಕೆ ಹಾಕದೆ ಬಿಟ್ಟರೆ, ಅಥವಾ ಕೊಳವೆ ಹಾಕುವ ತೂತೇ ಇಲ್ಲದ ಬ್ಯಾಟರಿ ತಂದಿಟ್ಟರೆ, ಡಿಕ್ಕಿ ನೆಲ ಕಾರ್ಪೆಟ್ ಕೆಳಗೆ ಸದ್ದಿಲ್ಲದೆ ತುಕ್ಕು ಹಿಡಿಯುತ್ತಾ ಹೋಗುತ್ತದೆ. ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಸೇರಿದರೆ ಸಾಕು ಹೊತ್ತಿಕೊಳ್ಳಲು, ಅದು ಬೇರೆ ಮಾತು.

ಬ್ಯಾಟರಿಯನ್ನು ಹಿಡಿದಿಡುವ ಕೆಳಗಿನ ಕ್ಲಾಂಪ್ ಬೋಲ್ಟ್ ಹಾಕದೆ ಬಿಡುವವರೂ ಇದ್ದಾರೆ, ಎಟುಕುವುದಿಲ್ಲ ಅಂತ. ಸ್ಪೋರ್ಟ್ಸ್ ಕಾರು ತಿರುವಿನಲ್ಲಿ ಒಂದು ಜಿ, ಅಂದರೆ ಭೂಮಿ ಎಳೆಯುವಷ್ಟೇ, ಎಳೆತ ಕೊಟ್ಟರೆ 18 ಕೆಜಿ ಬ್ಯಾಟರಿ 18 ಕೆಜಿ ತೂಕದಷ್ಟೇ ಬಲದಲ್ಲಿ ಪಕ್ಕಕ್ಕೆ ನುಗ್ಗುತ್ತದೆ. ಫೆಂಡರ್ ಒಳಗಿನಿಂದ ಹೊಡೆತ ತಿಂದರೆ ಹೊರಗೆ ಉಬ್ಬುತ್ತದೆ. ಬೋಲ್ಟ್ ಹಾಕಿ, ಕೈಯಲ್ಲಿ ಅಲ್ಲಾಡಿಸಿ ನೋಡಿ, ಅಲ್ಲಾಡಬಾರದು.

ತೂಕ ಕಮ್ಮಿ ಇದ್ದರೆ ಇಷ್ಟೆಲ್ಲ ಕಷ್ಟವೇ ಇಲ್ಲ, ಲಿಥಿಯಂ ಹಾಕಿ ಅನ್ನುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಪೋರ್ಷೆಯವರೇ 2010ರಿಂದ 911 ಜಿಟಿ3 ಮೊದಲಾದವಕ್ಕೆ 6 ಕೆಜಿಗಿಂತ ಕಮ್ಮಿ ತೂಕದ ಲಿಥಿಯಂ ಬ್ಯಾಟರಿ ಕೊಟ್ಟರು, ಮಾಮೂಲಿನದಕ್ಕಿಂತ 10 ಕೆಜಿಗೂ ಜಾಸ್ತಿ ಉಳಿತಾಯ. ಆದರೆ ಕಾರಿನ ಚಾರ್ಜಿಂಗ್ ಅದಕ್ಕೆ ಹೊಂದಬೇಕು, ತೀರಾ ಚಳಿಯಲ್ಲಿ ಅದು ಸೋಮಾರಿ. ಬರೀ ಎತ್ತಲು ಹಗುರ ಅನ್ನುವ ಕಾರಣಕ್ಕೆ ಯಾವುದೋ ಒಂದನ್ನು ತಂದು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಬಾನೆಟ್ ಮುಚ್ಚುವಾಗ ಒಳಗೆ ಸ್ಪ್ಯಾನರ್, ನಟ್, ಬಟ್ಟೆ ಏನೂ ಉಳಿದಿಲ್ಲ ಅಂತ ಕಣ್ಣಾರೆ ನೋಡಿ. ತೆಳು ಬಾನೆಟ್‌ನ ನಡುವೆ ಅಂಗೈ ಇಟ್ಟು ಒತ್ತಬೇಡಿ, ಐದು ಬೆರಳ ಗುರುತು ಸೂರ್ಯನ ಬೆಳಕಲ್ಲಿ ಓರೆಯಾಗಿ ನೋಡಿದರೆ ಕಾಣುತ್ತದೆ. ಲಾಕ್ ನೇರ ಮೇಲಿನ ಜಾಗದಲ್ಲಿ ಒತ್ತಬೇಕೋ, ಸ್ವಲ್ಪ ಎತ್ತರದಿಂದ ಬಿಡಬೇಕೋ ಅನ್ನುವುದು ಕಾರಿನಿಂದ ಕಾರಿಗೆ ಬೇರೆ, ಅದೂ ಪುಸ್ತಕದಲ್ಲೇ ಇರುತ್ತದೆ. ಆಮೇಲೆ ಗಾಜು ಮೇಲೆ ಕೆಳಗೆ ಪೂರ್ತಿ ಓಡಿಸಿ ಅದಕ್ಕೆ ತನ್ನ ತುದಿ ಎಲ್ಲಿ ಅಂತ ಕಲಿಸಿ, ಇಲ್ಲದಿದ್ದರೆ ಬಾಗಿಲು ತೆರೆದಾಗ ಗಾಜು ಇಳಿಯುವುದೇ ಇಲ್ಲ. ಕೆಲವು ಕಾರುಗಳಿಗೆ, ಬಿಎಂಡಬ್ಲ್ಯು ಅಂಥವಕ್ಕೆ, ಹೊಸ ಬ್ಯಾಟರಿ ಹಾಕಿದ್ದೇವೆ ಅಂತ ಸ್ಕ್ಯಾನರ್‌ನಿಂದ ಕಾರಿನ ಕಂಪ್ಯೂಟರಿಗೆ ತಿಳಿಸಬೇಕು.

ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಇಂಥ ಬರಹ ಹಾಕುವಾಗ ಬ್ಯಾಟರಿಯ ಚಿತ್ರದ ಬದಲು ಗಾಜು ಇಳಿಸಿ, ಫೆಂಡರ್ ಮುಚ್ಚಿ, ಬಾಗಿಲು ತೆರೆದಿಟ್ಟ ಕಾರಿನ ಚಿತ್ರ ಹಾಕಿ. ಗ್ಯಾರೇಜಿಗೆ ಕೊಡುವವರು ಕೊಡುವ ಮೊದಲು ಬಾನೆಟ್, ಎರಡೂ ಫೆಂಡರ್, ಬಾಗಿಲ ಮೇಲಿನ ಪಟ್ಟಿ ಇಷ್ಟನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ ಅಂತಲೂ ಬರೆಯಿರಿ. ಹಳೆಯ ಬ್ಯಾಟರಿಯನ್ನು ಅಂಗಡಿಗೆ ವಾಪಸ್ ಕೊಡಲು ಅದೇ ಕಾರಿನಲ್ಲಿ ಒಯ್ಯುವುದಾದರೆ ಅಡ್ಡ ಮಲಗಿಸದೆ ನೆಟ್ಟಗೆ, ಪ್ಲಾಸ್ಟಿಕ್ ಟಬ್‌ನಲ್ಲಿ ಇಟ್ಟು, ಅಲ್ಲಾಡದ ಹಾಗೆ ಕಟ್ಟಿ ಒಯ್ಯಿರಿ ಅನ್ನುವುದನ್ನೂ ಸೇರಿಸಿ.

— ನಿಮ್ಮ ಓದುಗ, ಒಬ್ಬ ಕಾರ್ ಪೇಂಟರ್